ಒಂದೇ ತೋಳಿನ ಹಿಂದಿನ ಚಕ್ರ: ಹಳೇ ಸ್ಪೋರ್ಟ್ಸ್ ಬೈಕಿಗೆ ಹಾಕುವಾಗ ಏನೆಲ್ಲಾ ಆಗುತ್ತೆ

ಮದ್ದೂರಿನಲ್ಲಿ ವಡೆ ತಿನ್ನೋಕೆ ಟೆಂಪೊ ನಿಲ್ಲಿಸಿದ್ದೆವು. ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ್ದು ಗೆಳೆಯನ ಹಳೇ ಹೋಂಡಾ ಸಿಬಿಆರ್ 600. ಮೈಸೂರಿನಿಂದ ಚೆನ್ನೈ ಹತ್ತಿರದ ಇರುಂಗಾಟುಕೋಟೈ ರೇಸ್ ಟ್ರ್ಯಾಕಿಗೆ ಹೊರಟಿದ್ದೆವು. ಕಬ್ಬಿನ ಟ್ರ್ಯಾಕ್ಟರ್ ಪಕ್ಕಕ್ಕೆ ಹಾಕಿ ಟೀ ಕುಡಿಯೋಕೆ ಬಂದವನೊಬ್ಬ ನಮ್ಮ ಟೆಂಪೊ ಹತ್ತಿರ ನಿಂತ. ಬೈಕಿನ ಹಿಂದಿನ ಚಕ್ರ ಸರಿಯಾಗಿ ಅವನ ಕಣ್ಣಿನ ಮಟ್ಟಕ್ಕಿತ್ತು. ಆ ಕಡೆ ಹೋಗಿ ನೋಡಿದ, ಈ ಕಡೆ ಬಂದು ನೋಡಿದ. "ಅಣ್ಣಾ, ಈ ಕಡೆ ಫೋರ್ಕೇ ಇಲ್ವಲ್ಲ. ಚಕ್ರ ಬಿದ್ದೋಗಲ್ವಾ?" ಅಂದ.

ಗೆಳೆಯ ವಡೆ ಅಗಿಯುತ್ತಲೇ ಟ್ರ್ಯಾಕ್ಟರ್ ಕಡೆ ಕೈ ತೋರಿಸಿದ. "ನಿಮ್ದು ಬಿದ್ದೋಗುತ್ತಾ?"

ಅವನು ತಿರುಗಿ ತನ್ನ ಗಾಡಿಯ ಚಕ್ರ ನೋಡಿದ. ಆಮೇಲೆ ಜೋರಾಗಿ ನಕ್ಕ.

ಈ ವಿಷಯ ಯಾರಿಗಾದರೂ ಹೇಳಬೇಕಾದಾಗ ನಾನು ಈಗ ಅಲ್ಲಿಂದಲೇ ಶುರು ಮಾಡುತ್ತೇನೆ. ಒಂದೇ ಕಡೆಯಿಂದ ಹಿಡಿದ ಚಕ್ರ ವಿಚಿತ್ರ ಏನಲ್ಲ. ಕಾರು, ಟ್ರ್ಯಾಕ್ಟರ್, ಬಸ್ಸು ಎಲ್ಲದರ ಚಕ್ರವೂ ಒಂದು ಕಡೆಯಿಂದ ಮಾತ್ರ ನಿಂತಿದೆ. ಎತ್ತಿನ ಗಾಡಿಯ ಚಕ್ರ ಅಚ್ಚಿನ ತುದಿಯಲ್ಲಿ ಒಂದು ಕಡಾಣಿಯ ಭರವಸೆ ಮೇಲೆ ಸುತ್ತುತ್ತೆ. ಅಷ್ಟು ದೂರ ಯಾಕೆ, ಬಜಾಜ್ ಚೇತಕ್ ನೆನಪಿದೆಯಲ್ಲ? 1972ರಿಂದ ದಶಕಗಟ್ಟಲೆ ನಮ್ಮ ಅಪ್ಪಂದಿರು, ಮೇಷ್ಟ್ರುಗಳು, ಬ್ಯಾಂಕಿನವರು ಓಡಿಸಿದ್ದು ಎರಡೂ ಚಕ್ರ ಒಂದೊಂದೇ ಕಡೆಯಿಂದ ಹಿಡಿದ ಗಾಡಿ. ಪಂಕ್ಚರ್ ಆದರೆ ಸ್ಕೂಟರನ್ನು ಪಕ್ಕಕ್ಕೆ ಮಲಗಿಸಿ, ಐದು ನಟ್ ಬಿಚ್ಚಿ, ಸ್ಟೆಪ್ನಿ ಹಾಕಿ ಆಫೀಸಿಗೆ ಹೋಗುತ್ತಿದ್ದರು. ಚೇತಕ್‌ನ ಮೂಲ ಇಟಲಿಯ ವೆಸ್ಪಾ. 1946ರ ಆ ವೆಸ್ಪಾವನ್ನು ರೂಪಿಸಿದ ಕೊರಾಡಿನೊ ದಸ್ಕಾನಿಯೊ ವಿಮಾನದ ಎಂಜಿನಿಯರ್. ವಿಮಾನದ ಚಕ್ರ ಒಂದೇ ಕಾಲಿನ ಮೇಲೆ ನಿಲ್ಲೋದನ್ನು ನೋಡಿ ರೂಢಿಯಾಗಿದ್ದವರಿಗೆ ಸ್ಕೂಟರಿನ ಚಕ್ರಕ್ಕೆ ಎರಡು ಕಾಲು ಯಾಕೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಹಾಗಾದರೆ ಮೋಟಾರ್‌ಸೈಕಲ್‌ಗೆ ಬಂದಾಗ ಮಾತ್ರ ಇದು ಯಾಕೆ ದೊಡ್ಡ ವಿಷಯ?

ಮೊದಲು ಸ್ವಿಂಗ್‌ಆರ್ಮ್ ಅಂದರೇನು ಅಂತ ಒಂದು ಮಾತು. ನಮ್ಮ ಕಡೆ ಎಷ್ಟೋ ಮೆಕ್ಯಾನಿಕ್‌ಗಳು ಅದನ್ನು ಹಿಂದಿನ ಫೋರ್ಕ್ ಅಂತಲೇ ಕರೆಯುತ್ತಾರೆ. ಎಂಜಿನ್ ಹಿಂದೆ ಫ್ರೇಮಿಗೆ ಒಂದು ಉದ್ದ ಬೋಲ್ಟ್ ಇರುತ್ತೆ, ಅದು ಪಿವಟ್. ಆ ಬೋಲ್ಟಿನ ಸುತ್ತ ಬಾಗಿಲಿನ ಕೀಲಿನ ಹಾಗೆ ಮೇಲೆ ಕೆಳಗೆ ಆಡುವ ತೋಳೇ ಸ್ವಿಂಗ್‌ಆರ್ಮ್. ತೋಳಿನ ತುದಿಯಲ್ಲಿ ಚಕ್ರ, ನಡುವೆ ಎಲ್ಲೋ ಶಾಕ್ ಅಬ್ಸಾರ್ಬರ್. ಸಾಮಾನ್ಯ ಬೈಕಿನಲ್ಲಿ ಈ ತೋಳು ಎರಡು ಕವಲಾಗಿ ಚಕ್ರವನ್ನು ಎರಡೂ ಕಡೆಯಿಂದ ಹಿಡಿಯುತ್ತೆ. ಒಂಟಿ ತೋಳಿನದರಲ್ಲಿ ಒಂದು ಕವಲು ಇರಲ್ಲ.

ತುಂಬಿದ ಬಿಂದಿಗೆಗೆ ಕೋಲು ತೂರಿಸಿ ಇಬ್ಬರು ಎರಡು ತುದಿ ಹಿಡಿದರೆ ಭಾರ ಸುಮ್ನೆ ನೇರವಾಗಿ ಕೆಳಗೆ ಎಳೆಯುತ್ತೆ. ಅದೇ ಬಿಂದಿಗೆಯನ್ನು ಒಬ್ಬನೇ ಚಾಚಿದ ಕೋಲಿನ ತುದಿಯಲ್ಲಿ ಹಿಡಿದರೆ ಭಾರದ ಜೊತೆಗೆ ಮಣಿಕಟ್ಟೂ ತಿರುಚುತ್ತೆ. ಒಂಟಿ ತೋಳಿನ ಕಷ್ಟ ಅದು. ಚಕ್ರದ ಭಾರ ತೋಳಿನ ನೇರಕ್ಕಿಲ್ಲ, ಪಕ್ಕಕ್ಕಿದೆ. ಪ್ರತಿ ಹಳ್ಳದಲ್ಲೂ ಅದು ತೋಳನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಲು ನೋಡುತ್ತೆ. ಅದನ್ನು ತಡೆಯೋಕೆ ತೋಳು ದಪ್ಪಗಿರಬೇಕು, ಒಳಗೆ ಟೊಳ್ಳಾದ ದೊಡ್ಡ ಪೆಟ್ಟಿಗೆಯ ಹಾಗಿರಬೇಕು, ಬೇರಿಂಗ್‌ಗಳು ದೊಡ್ಡದಿರಬೇಕು. ಹಾಗಾಗಿ ಒಂದು ಕವಲು ಕಡಿಮೆ ಇದೆ, ತೂಕವೂ ಕಡಿಮೆ ಅಂತ ಅಂದುಕೊಂಡರೆ ಲೆಕ್ಕ ತಪ್ಪುತ್ತೆ. ಅಷ್ಟೇ ಬಿಗಿ ಬೇಕು ಅಂದರೆ ಸಾಮಾನ್ಯವಾಗಿ ಒಂಟಿ ತೋಳೇ ಜಾಸ್ತಿ ತೂಗುತ್ತೆ.

ಇಷ್ಟೆಲ್ಲಾ ಕಷ್ಟಪಟ್ಟು ಯಾಕೆ ಮಾಡಿದರು?

ರೇಸಿಗೆ. ಅದರಲ್ಲೂ 24 ಗಂಟೆ ಓಡಿಸುವ ಎಂಡ್ಯೂರೆನ್ಸ್ ರೇಸಿಗೆ. ಅಲ್ಲಿ ಚಕ್ರ ಬದಲಿಸುವಾಗ ಉಳಿಸಿದ ಪ್ರತಿ ಸೆಕೆಂಡಿಗೂ ಬೆಲೆ ಇದೆ. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಎಲ್ಫ್ ತೈಲ ಕಂಪನಿ ಕಾರ್ ರೇಸಿನ ಎಂಜಿನಿಯರ್ ಆಂದ್ರೆ ದ ಕೋರ್ತಾನ್ಜ್ ಅವರ ಕೈಯಲ್ಲಿ ವಿಚಿತ್ರವಾದ ರೇಸ್ ಬೈಕುಗಳನ್ನು ಮಾಡಿಸಿತು. ಆಮೇಲೆ ಹೋಂಡಾ ಎಂಜಿನ್ ಕೊಟ್ಟು ಜೊತೆಯಾಯಿತು. ಆ ಪ್ರಯೋಗದಲ್ಲಿ ಹೋಂಡಾ ಉಳಿಸಿಕೊಂಡ ಮುಖ್ಯ ವಿಷಯ ಈ ಹಿಂದಿನ ಒಂಟಿ ತೋಳು. ಪ್ರೊ-ಆರ್ಮ್ ಅಂತ ಹೆಸರಿಟ್ಟು 1987ರ ಆರ್‌ಸಿ30ಗೆ ಹಾಕಿದರು. 1990ರಲ್ಲಿ ವಿಎಫ್‌ಆರ್750ಗೂ ಬಂತು. 1994ರಲ್ಲಿ ಮಾಸ್ಸಿಮೊ ತಂಬುರಿನಿಯ ಡುಕಾಟಿ 916 ಬಂದ ಮೇಲೆ ಮಾತು ರೇಸಿನ ಸೆಕೆಂಡುಗಳನ್ನು ಬಿಟ್ಟು ಅಂದದ ಕಡೆ ತಿರುಗಿತು. 916ರಲ್ಲಿ ಸೈಲೆನ್ಸರ್‌ಗಳು ಸೀಟಿನ ಕೆಳಗೆ ಹೋದವು. ಬಲಗಡೆಯಿಂದ ನೋಡಿದರೆ ಇಡೀ ಚಕ್ರ ಗಾಳಿಯಲ್ಲಿ ತೇಲುತ್ತಿದೆ ಅನ್ನಿಸುತ್ತೆ. ಹುಡುಗರ ಗೋಡೆಯ ಮೇಲೆ ಪೋಸ್ಟರ್ ಆಗೋಕೆ ಅಷ್ಟು ಸಾಕಾಯಿತು.

ಇಲ್ಲಿ ಮೈಸೂರಿನವನಾಗಿ ಒಂದು ಮಾತು ಸೇರಿಸಲೇಬೇಕು. ಒಂಟಿ ತೋಳಿನ ದೊಡ್ಡ ಲಾಭ ಅಂತ ಹೇಳೋದೇನು? ಚೈನ್ ಮುಟ್ಟದೆ ಚಕ್ರ ಬಿಚ್ಚಬಹುದು ಅಂತ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಿಂದ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ಎರಡು ತೋಳು ಇಟ್ಟುಕೊಂಡೇ ಆ ಸೌಕರ್ಯ ಇತ್ತು. ಎಕ್ಸಲ್ ಎಳೆದರೆ ಚಕ್ರ ಕೈಗೆ ಬರುತ್ತೆ. ಸ್ಪ್ರಾಕೆಟ್ಟೂ (ಚೈನ್ ಕೂರುವ ಹಲ್ಲಿನ ಚಕ್ರ) ಚೈನೂ ಮುಚ್ಚಿದ ಚೈನ್‌ಕೇಸ್ ಒಳಗೆ ಇದ್ದಲ್ಲೇ ಇರುತ್ತವೆ. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು, ಆದರೆ ಊರಿನಲ್ಲಿ ಈಗಲೂ ಆ ಗಾಡಿ ಬಿಚ್ಚಿ ಜೋಡಿಸುವ ಕೈಗಳಿವೆ. ನಮ್ಮ ಕೆಲಸಕ್ಕೆ ಸಿಕ್ಕ ಬನ್ನಿಮಂಟಪದ ಲೇತ್ ಅಣ್ಣನ ಅಪ್ಪ ಅದೇ ಫ್ಯಾಕ್ಟರಿಯಲ್ಲಿದ್ದವರು. ನಾವು ಒಂಟಿ ತೋಳು ತೆಗೆದುಕೊಂಡು ಹೋದಾಗ ಅವರು ಕೂತಲ್ಲಿಂದಲೇ ನೋಡಿ, "ಇದಕ್ಕೆ ಇಷ್ಟು ದುಡ್ಡಾ?" ಅಂದಿದ್ದರು.

ತೋಳು ಬಂತು, ಆಮೇಲೆ?

ಗೆಳೆಯನ ಬೈಕು ಸಿಬಿಆರ್ 600 ಎಫ್2, ಅಂದರೆ 1991ರಿಂದ 94ರವರೆಗಿನ ಮಾದರಿ. ಅದಕ್ಕೆ ಹಾಕೋಕೆ ಗೆಳೆಯ ಹಿಡಿದದ್ದು ವಿಎಫ್‌ಆರ್750 ತೋಳು. ಅದೇ ಕಂಪನಿ, ಅದೇ ಕಾಲ, ಚೈನ್ ಎರಡರಲ್ಲೂ ಎಡಗಡೆ. ಈ ಆಯ್ಕೆ ಒಳ್ಳೆಯದೇ. ಹೊಸದು ಚೆನ್ನಾಗಿರುತ್ತೆ ಅಂತ 1998ರ ನಂತರದ ವಿಎಫ್‌ಆರ್800ದು ತಂದಿದ್ದರೆ ತಲೆನೋವು ಎರಡರಷ್ಟಾಗುತ್ತಿತ್ತು. ಆ ಬೈಕಿನಲ್ಲಿ ತೋಳು ಫ್ರೇಮಿಗೆ ಅಲ್ಲ, ಎಂಜಿನ್ ಕೇಸಿಗೇ ಕೀಲು ಹಾಕಿಕೊಂಡಿದೆ. ಹಿಂದಿನ ಬ್ರೇಕು ಮುಂದಿನದರ ಜೊತೆ ಪೈಪಿನಲ್ಲಿ ಗಂಟುಬಿದ್ದಿದೆ. ಯಾವ ತೋಳು ಎಷ್ಟು ಹೊಸದು ಅನ್ನೋದಕ್ಕಿಂತ ಅದು ಯಾವ ಥರದ ಫ್ರೇಮಿನಿಂದ ಬಂದದ್ದು ಅನ್ನೋದು ಮುಖ್ಯ.

ಇನ್ನೊಂದು. ಬರೀ ತೋಳು ಕೊಳ್ಳಬೇಡಿ. ಹಬ್, ಎಕ್ಸಲ್, ಚಕ್ರ, ಬ್ರೇಕಿನ ಡಿಸ್ಕ್, ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್, ಸ್ಪ್ರಾಕೆಟ್ ಹಿಡಿಯುವ ಬಟ್ಟಲು, ಅದರೊಳಗಿನ ರಬ್ಬರ್, ಶಾಕ್ ಕೆಳಗಿನ ಲಿಂಕ್, ಎಲ್ಲಾ ಒಂದೇ ಗಾಡಿಯದ್ದು ಒಟ್ಟಿಗೆ ಬರಬೇಕು. ಹಳೇ ಚಕ್ರ ಒಂಟಿ ತೋಳಿಗೆ ಕೂರುವುದೇ ಇಲ್ಲ. ಒಂದೊಂದೇ ಬಿಡಿಭಾಗ ಹೊರದೇಶದಿಂದ ತರಿಸೋದರಲ್ಲಿ ವರ್ಷ ಕಳೆದವರನ್ನು ನೋಡಿದ್ದೇನೆ.

ಈಗ ಕೀಲಿನ ಕೆಲಸ. ಫ್ರೇಮಿನ ಎರಡು ಕೆನ್ನೆಗಳ ಮಧ್ಯೆ ಎಷ್ಟು ಜಾಗ ಇದೆ, ತೋಳಿನ ಪಿವಟ್ ಕೊಳವೆ ಎಷ್ಟು ಅಗಲ ಇದೆ, ಎರಡನ್ನೂ ವರ್ನಿಯರ್ ಹಿಡಿದು ಅಳೆಯಬೇಕು. ಲೆಕ್ಕಕ್ಕೆ ಅನುಕೂಲ ಆಗಲಿ, ಫ್ರೇಮ್ 212 ಮಿ.ಮೀ., ತೋಳು 200 ಅಂತಿಟ್ಟುಕೊಳ್ಳಿ. 12 ಮಿ.ಮೀ. ಖಾಲಿ. ಅದನ್ನು ಸ್ಪೇಸರ್ ಹಾಕಿ ತುಂಬಬೇಕು. ಬೋಲ್ಟಿನ ದಪ್ಪವೂ ಹೊಂದಲ್ಲ. ಫ್ರೇಮಿನದು ಸಣ್ಣದು, ತೋಳಿನ ತೂತು ದೊಡ್ಡದು ಅಂತಾದರೆ ಒಳಗೆ ಕೂರುವ ಹೊಸ ಕಾಲರ್, ಅಂದರೆ ಕೊಳವೆಯಂಥ ಬುಷ್, ಲೇತಿನಲ್ಲಿ ಮಾಡಿಸಬೇಕು.

ಎಲ್ಲರೂ ಎಡವುವ ಜಾಗ ಈ ಕಾಲರ್. ಲೇತ್ ಅಂಗಡಿಗೆ ಹೋಗಿ ಒಂದು ಬುಷ್ ಮಾಡಿಕೊಡಿ ಅಂದರೆ ಕೈಗೆ ಸಿಕ್ಕ ಮೆದು ಕಬ್ಬಿಣದಲ್ಲಿ ಹತ್ತು ನಿಮಿಷಕ್ಕೆ ಮಾಡಿಕೊಡುತ್ತಾರೆ. ಹೊಳೆಯುತ್ತೆ, ಸರಿಯಾಗಿ ಕೂರುತ್ತೆ. ಆದರೆ ಈ ತೋಳುಗಳಲ್ಲಿ ಇರೋದು ನೀಡಲ್ ಬೇರಿಂಗ್. ಸೂಜಿಯಂಥ ರೋಲರ್‌ಗಳು ನೇರವಾಗಿ ಕಾಲರಿನ ಮೈಮೇಲೇ ಉರುಳುತ್ತವೆ. ಅದೂ ಪೂರ್ತಿ ಸುತ್ತುವುದಿಲ್ಲ, ಅದೇ ಅಷ್ಟು ಜಾಗದಲ್ಲಿ ಹಿಂದೆ ಮುಂದೆ ಒರೆಯುತ್ತವೆ. ಮೆದು ಕಬ್ಬಿಣ ಆದರೆ ಕೆಲವೇ ತಿಂಗಳಲ್ಲಿ ಅದರ ಮೇಲೆ ಸಾಲುಸಾಲು ಗೆರೆ ಬೀಳುತ್ತವೆ, ಕೀಲು ಆಡೋಕೆ ಶುರುವಾಗುತ್ತೆ. ಇಎನ್31ನಂಥ ಬೇರಿಂಗ್ ಉಕ್ಕು ತಂದು, ಲೇತಿನಲ್ಲಿ ಕಡೆಸಿ, ಗಟ್ಟಿ ಮಾಡಿಸಿ, ಆಮೇಲೆ ಗ್ರೈಂಡಿಂಗ್ ಮಾಡಿಸಬೇಕು. ಮೂರು ಅಂಗಡಿ ಸುತ್ತಬೇಕಾಗುತ್ತೆ. ಸುತ್ತಿ.

ಮೂರು ಗೆರೆಗಳು

ಇಡೀ ಕೆಲಸದ ಜೀವ ಇಲ್ಲಿದೆ. ಬೈಕನ್ನು ಮೇಲಿನಿಂದ ನೋಡಿದರೆ ಮೂರು ಗೆರೆ ಎಳೆಯಬಹುದು. ಒಂದು, ಮುಂದಿನ ಚಕ್ರದ ನಡುವಿನಿಂದ ಹಿಂದಕ್ಕೆ ಹೋಗುವ ಗೆರೆ. ಎರಡು, ಹಿಂದಿನ ಚಕ್ರದ ನಡುಗೆರೆ. ಇವೆರಡೂ ಒಂದೇ ಆಗಬೇಕು. ಮೂರನೆಯದು ಚೈನಿನ ಗೆರೆ. ಮುಂದಿನ ಸ್ಪ್ರಾಕೆಟ್ಟೂ ಹಿಂದಿನದೂ ಒಂದೇ ನೇರಕ್ಕೆ ಕೂತು, ಆ ಗೆರೆ ಉಳಿದೆರಡಕ್ಕೆ ಸಮಾನಾಂತರ ಇರಬೇಕು.

ಎರಡು ತೋಳಿನ ಬೈಕಿನಲ್ಲಿ ಚಕ್ರ ಆ ಕಡೆ ಈ ಕಡೆ ಸರಿಸೋಕೆ ಎಕ್ಸಲ್ ಮೇಲಿನ ಸ್ಪೇಸರ್ ಬದಲಿಸಿದರೆ ಆಯಿತು. ಒಂಟಿ ತೋಳಿನಲ್ಲಿ ಎಕ್ಸಲ್ ಒಂದು ದೊಡ್ಡ ಹಬ್ ಒಳಗೆ ಎರಡು ಬೇರಿಂಗಿನ ಮೇಲೆ ಸುತ್ತುತ್ತೆ. ಅದರ ಒಂದು ತುದಿಗೆ ಚಕ್ರ, ಇನ್ನೊಂದು ತುದಿಗೆ ಸ್ಪ್ರಾಕೆಟ್. ಚಕ್ರಕ್ಕೂ ಸ್ಪ್ರಾಕೆಟ್ಟಿಗೂ ನಡುವಿನ ದೂರ ಕಂಪನಿ ತೀರ್ಮಾನ ಮಾಡಿಬಿಟ್ಟಿದೆ. ತೋಳನ್ನು ಬಲಕ್ಕೆ ಸರಿಸಿದರೆ ಎರಡೂ ಬಲಕ್ಕೆ ಹೋಗುತ್ತವೆ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಬರಲ್ಲ.

ಇಲ್ಲಿ ನಾವು ಮಾಡಿದ ತಪ್ಪು ಹೇಳುತ್ತೇನೆ. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ, ಆ 12 ಮಿ.ಮೀ. ಖಾಲಿ ಜಾಗವನ್ನು ನಾನು ಸಮ ಪಾಲು ಮಾಡಿದೆ. ಎಡಕ್ಕೆ 6, ಬಲಕ್ಕೆ 6. ನೋಡೋಕೆ ಎಷ್ಟು ನ್ಯಾಯವಾಗಿದೆ ಅಲ್ವಾ? ತೋಳು ಫ್ರೇಮಿನ ನಟ್ಟನಡುವೆ ಕೂತಿತು. ಜೋಡಿಸಿ, ಚೈನ್ ಹಾಕಿ, ಒಂದು ದಿನ ಟ್ರ್ಯಾಕಿನಲ್ಲಿ ಓಡಿಸಿಯೂ ಆಯಿತು. ಸಂಜೆ ಚೈನಿಗೆ ಎಣ್ಣೆ ಬಿಡೋಕೆ ಕೂತಾಗ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಒಂದೇ ಮಗ್ಗುಲಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಬೆರಳು ಇಟ್ಟರೆ ಚೂಪಾದ ಅಂಚು ತಾಗಿತು. ಇನ್ನೊಂದು ಮಗ್ಗುಲು ಬಣ್ಣ ಕೂಡ ಹೋಗಿರಲಿಲ್ಲ. ಚೈನು ದಿನವಿಡೀ ಓರೆಯಾಗಿ ಓಡಿ ಹಲ್ಲುಗಳನ್ನು ಪಕ್ಕದಿಂದ ತಿಂದಿತ್ತು.

ತಪ್ಪು ಸ್ಪೇಸರಿನದಲ್ಲ, ನನ್ನ ಲೆಕ್ಕದ್ದು. ಪಿವಟ್ ಕೊಳವೆಯ ನಡು ಅಂದರೆ ಚಕ್ರದ ನಡು ಅಂತ ಅಂದುಕೊಂಡಿದ್ದೆ. ಒಂಟಿ ತೋಳಿನಲ್ಲಿ ಹಾಗಿರಬೇಕು ಅಂತ ಏನೂ ಇಲ್ಲ. ಅದು ಹುಟ್ಟಿನಿಂದಲೇ ಸೊಟ್ಟ. ಆ ಸೊಟ್ಟ ಅದರ ಮೂಲ ಫ್ರೇಮಿಗೆ ಹೊಂದುವ ಹಾಗೆ ಮಾಡಿದ್ದು.

ಮತ್ತೆ ಬಿಚ್ಚಿದೆವು. ಈ ಸಲ ಗಾರೆ ಕೆಲಸದವರ ದಾರ ತಂದು, ಎರಡು ಚಕ್ರದ ಎರಡೂ ಪಕ್ಕಕ್ಕೆ ನೆಲದಿಂದ ಒಂದೇ ಎತ್ತರದಲ್ಲಿ ಬಿಗಿಯಾಗಿ ಎಳೆದು ಕಟ್ಟಿದೆವು. ದಾರದಿಂದ ರಿಮ್ಮಿನ ಅಂಚಿಗೆ ಸ್ಕೇಲ್ ಹಿಡಿದೆವು. ಟಯರಿನಿಂದ ಅಳೆಯಬಾರದು, ರಬ್ಬರ್ ಉಬ್ಬಿರುತ್ತೆ, ಸವೆದಿರುತ್ತೆ. ಹಿಂದಿನ ಚಕ್ರ 4 ಮಿ.ಮೀ. ಆಚೆ ಕೂತಿರೋದು ಗೊತ್ತಾಯಿತು. ಹೊಸ ಸ್ಪೇಸರ್‌ಗಳು: ಒಂದು ಕಡೆ 10, ಇನ್ನೊಂದು ಕಡೆ 2. ಕಣ್ಣಿಗೆ ಅಸಹ್ಯ, ಆದರೆ ಚಕ್ರ ನೇರ.

ಚಕ್ರ ನೇರ ಆದ ಮೇಲೂ ಚೈನ್ ಗೆರೆಯಲ್ಲಿ ಸ್ವಲ್ಪ ವ್ಯತ್ಯಾಸ ಉಳಿದಿತ್ತು. ಅದನ್ನು ಹಿಂದಿನ ಸ್ಪ್ರಾಕೆಟ್ ಹಿಂದೆ ತೆಳು ಬಿಲ್ಲೆ ಹಾಕಿ ಸರಿ ಮಾಡಿದೆವು. ಈ ಕ್ರಮ ಉಲ್ಟಾ ಮಾಡಬೇಡಿ. ಮೊದಲು ಚಕ್ರ, ಆಮೇಲೆ ಚೈನ್. ಚೈನಿನ ವ್ಯತ್ಯಾಸ ಜಾಸ್ತಿ ಇದ್ದರೆ ಮುಂದಿನ ಸ್ಪ್ರಾಕೆಟ್ಟನ್ನು ಹೊರಗೆ ತರುವ ಆಫ್‌ಸೆಟ್ ಸ್ಪ್ರಾಕೆಟ್ ಸಿಗುತ್ತೆ. ಒಂದೆರಡು ಮಿ.ಮೀ. ಪರವಾಗಿಲ್ಲ. ಹತ್ತು ಹದಿನೈದು ಅಂತ ಹೋದರೆ ಚೈನಿನ ಎಳೆತ ಗೇರ್‌ಬಾಕ್ಸಿನ ಶಾಫ್ಟನ್ನು ಬೇರಿಂಗಿನಿಂದ ಅಷ್ಟು ದೂರದಲ್ಲಿ ಹಿಡಿದು ಬಾಗಿಸುತ್ತೆ. ಬೇರಿಂಗ್ ಎಷ್ಟು ದಿನ ತಡೆದೀತು? ಹಿಂದೆ ಅಗಲ ಟಯರ್ ಬೇಕು ಅನ್ನುವವರಿಗೆ ಈ ತೊಂದರೆ ತಪ್ಪಿದ್ದಲ್ಲ. ಎಫ್2ರಲ್ಲಿ ಇದ್ದದ್ದು 160ರ ಟಯರ್, ವಿಎಫ್‌ಆರ್750 ಚಕ್ರಕ್ಕೆ 170. ಅಷ್ಟಕ್ಕೆ ಚೈನಿಗೂ ಟಯರಿಗೂ ನಡುವೆ ಜಾಗ ಉಳಿಯುತ್ತೆ. ಡುಕಾಟಿ ಥರ 190 ಹಾಕುತ್ತೇನೆ ಅಂತ ಹೊರಟರೆ ಉಳಿಯುತ್ತೆ ಅಂತ ಹೇಳಲಾರೆ.

ಸ್ಪ್ರಿಂಗಿನ ಲೆಕ್ಕ

ಕೀಲು, ಗೆರೆ ಎಲ್ಲಾ ಸರಿಯಾದ ಮೇಲೆ ಬೈಕಿನ ಮೇಲೆ ಕೂತರೆ ಹಿಂಭಾಗ ಸ್ಪಂಜಿನ ಹಾಗೆ ಕುಸಿಯಬಹುದು, ಇಲ್ಲಾ ಕಲ್ಲಿನ ಹಾಗೆ ನಿಲ್ಲಬಹುದು. ಕಾರಣ ಸನ್ನೆಗೋಲಿನ ಲೆಕ್ಕ.

ಚಕ್ರ 120 ಮಿ.ಮೀ. ಮೇಲೆ ಬಂದಾಗ ಶಾಕ್ 60 ಮಿ.ಮೀ. ಒತ್ತಿಕೊಂಡರೆ ಅನುಪಾತ 2. ಸ್ಪ್ರಿಂಗಿನ ಗಟ್ಟಿ 90 ಅಂತಿಟ್ಟುಕೊಳ್ಳಿ, ಅಂದರೆ ಒಂದು ಮಿ.ಮೀ. ಒತ್ತೋಕೆ 90 ನ್ಯೂಟನ್ ಬಲ ಬೇಕು. ಚಕ್ರದ ಹತ್ತಿರ ಅದು 45 ಅನ್ನಿಸಲ್ಲ. ಅನುಪಾತದ ವರ್ಗದಿಂದ ಭಾಗಿಸಬೇಕು. ಬಲವೂ ಅರ್ಧ ಆಗುತ್ತೆ, ಒತ್ತುವ ದೂರವೂ ಅರ್ಧ. ಹಾಗಾಗಿ 90ನ್ನು 4ರಿಂದ ಭಾಗಿಸಿ, 22.5. ಈಗ ಹೊಸ ತೋಳಿನಲ್ಲಿ ಶಾಕ್ ಕೂರುವ ಜಾಗ ಬೇರೆ, ಅನುಪಾತ 2.5 ಆಯಿತು ಅಂದುಕೊಳ್ಳಿ. ವರ್ಗ 6.25. ಅದೇ ಸ್ಪ್ರಿಂಗು ಈಗ ಚಕ್ರದ ಹತ್ತಿರ 14.4. ಅನುಪಾತ ಬದಲಾದದ್ದು ಕಾಲು ಭಾಗ, ಬೈಕು ಮೆದು ಆದದ್ದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಹಳೇ ಶಾಕ್ ಹೊಸ ತೋಳಿಗೆ ಹೇಗೋ ಕೂತಿತು ಅಂತ ಖುಷಿಪಡುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು.

ಸುಲಭದ ದಾರಿ ಅಂದರೆ ತೋಳಿನ ಜೊತೆ ಬಂದ ಲಿಂಕುಗಳನ್ನೇ ಬಳಸಿ, ಫ್ರೇಮಿನ ಕಡೆ ಹೊಸ ಬ್ರಾಕೆಟ್ ಮಾಡೋದು. ಎಫ್2 ಫ್ರೇಮ್ ಉಕ್ಕಿನದು, ಒಳ್ಳೆ ವೆಲ್ಡರ್ ಸಿಕ್ಕರೆ ಬೆಸುಗೆ ಹಾಕಬಹುದು. ತೋಳಿಗೆ ಮಾತ್ರ ಬೆಸುಗೆ ಹಾಕೋಕೆ ಹೋಗಬೇಡಿ. ಅದು ಅಲ್ಯೂಮಿನಿಯಂ. ಬೆಸುಗೆಯ ಶಾಖ ತಾಗಿದ ಜಾಗದ ಸುತ್ತ ಅದರ ಗಟ್ಟಿತನ ಇಳಿದುಹೋಗುತ್ತೆ, ಕಣ್ಣಿಗೆ ಏನೂ ಕಾಣಲ್ಲ. ಎರಡು ಕವಲು ಇದ್ದಿದ್ದರೆ ಒಂದು ಬಿರುಕು ಬಿಟ್ಟರೂ ಇನ್ನೊಂದು ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತಿತ್ತು. ಇಲ್ಲಿ ಇರೋದೇ ಒಂದು.

ತೋಳಿನ ಉದ್ದವೂ ಬದಲಾಗಿರುತ್ತೆ. ಉದ್ದ ಆದರೆ ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುವಿನ ದೂರ, ಉದ್ದ, ಬೈಕು ನೇರ ರಸ್ತೆಯಲ್ಲಿ ಸ್ಥಿರ, ತಿರುವಿನಲ್ಲಿ ಸೋಮಾರಿ. ಹಿಂಭಾಗ ಎತ್ತರ ಆದರೆ ಮುಂದಿನ ಫೋರ್ಕ್ ನೇರವಾಗುತ್ತೆ, ಹ್ಯಾಂಡಲ್ ಚುರುಕಾಗುತ್ತೆ, ಜಾಸ್ತಿ ಆದರೆ ನಡುಗುತ್ತೆ. ಹಳೇ ತೋಳು ಬಿಚ್ಚುವ ಮುಂಚೆಯೇ ಎಕ್ಸಲಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಎಷ್ಟು ಎತ್ತರ ಅಂತ ಬರೆದಿಟ್ಟುಕೊಳ್ಳಿ. ನಾವು ಬರೆದಿಟ್ಟದ್ದು ಗ್ಯಾರೇಜಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ. ಆಯುಧಪೂಜೆಗೆ ಯಾರೋ ಗೋಡೆ ಒರೆಸಿದರು. ಪುಸ್ತಕದಲ್ಲಿ ಬರೆಯಿರಿ.

ಚೈನ್ ಬಿಗಿ ಮಾಡುವ ವಿಧಾನ ಈ ತೋಳಿನಲ್ಲಿ ನನಗೆ ತುಂಬಾ ಇಷ್ಟ. ಎಕ್ಸಲ್ ತೂತು ಹಬ್ಬಿನ ನಡುವೆ ಇಲ್ಲ, ಸ್ವಲ್ಪ ಪಕ್ಕಕ್ಕಿದೆ. ಬಿಗಿ ಬೋಲ್ಟ್ ಸಡಿಲಿಸಿ ಕೊಕ್ಕೆ ಸ್ಪ್ಯಾನರ್ ಹಾಕಿ ಹಬ್ಬನ್ನು ತಿರುಗಿಸಿದರೆ ಎಕ್ಸಲ್ ಹಿಂದೆ ಮುಂದೆ ಸರಿಯುತ್ತೆ. ಸಾಮಾನ್ಯ ಬೈಕಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಅಡ್ಜಸ್ಟರ್. ಎರಡೂ ಸಮ ಇಲ್ಲದಿದ್ದರೆ ಚಕ್ರ ಸೊಟ್ಟ, ಅದರ ಮೇಲಿನ ಗೆರೆಗಳನ್ನು ನಂಬೋ ಹಾಗಿಲ್ಲ. ಇಲ್ಲಿ ಚಕ್ರ ಸೊಟ್ಟ ಆಗೋಕೆ ಸಾಧ್ಯವೇ ಇಲ್ಲ. ತಿರುಗಿಸಿದಾಗ ಎತ್ತರವೂ ಒಂದಿಷ್ಟು ಬದಲಾಗುತ್ತೆ ಅಷ್ಟೇ.

ಬ್ರೇಕಿನ ವಿಷಯ ಬೇಗ ಮುಗಿಸುತ್ತೇನೆ. ಕ್ಯಾಲಿಪರ್ ತೋಳಿನ ಜೊತೆಗೇ ಬಂದದ್ದು ಇರಲಿ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಹಳೇ ಮಾಸ್ಟರ್ ಸಿಲಿಂಡರ್ ಜೊತೆ ಪೆಡಲ್ ಹೇಗಿದೆ ನೋಡಿ. ಪೈಪು ತೋಳಿನ ಜೊತೆ ಪೂರ್ತಿ ಮೇಲೆ ಕೆಳಗೆ ಆಡುವಾಗ ಎಲ್ಲೂ ಎಳೆಯಬಾರದು, ಟಯರಿಗೆ ತಾಗಬಾರದು. ಚಕ್ರ ಹಿಡಿಯೋದು ಕೆಲವದರಲ್ಲಿ ಕಾರಿನ ಹಾಗೆ ನಾಲ್ಕೈದು ನಟ್, ಕೆಲವದರಲ್ಲಿ ಒಂದೇ ದೊಡ್ಡ ನಟ್ಟು, ಅದು ಸಡಿಲಾಗಿ ಬರದ ಹಾಗೆ ಒಂದು ಕ್ಲಿಪ್. ನಮ್ಮ ಕಡಾಣಿಯೇ ಅದು. ಎರಡರಲ್ಲೂ ಟಾರ್ಕ್ ರೆಂಚ್ ಇಲ್ಲದೆ ಬಿಗಿ ಮಾಡಬೇಡಿ. ಕೈಯಂದಾಜು ಚೇತಕ್‌ಗೆ ಸರಿ.

ಕಾನೂನು ಏನನ್ನುತ್ತೆ

ಬೈಕನ್ನು ಟೆಂಪೊದಲ್ಲಿ ಸಾಗಿಸುತ್ತಿದ್ದದ್ದು ಯಾಕೆ ಅಂತ ನೀವು ಆಗಲೇ ಕೇಳಿಕೊಂಡಿರಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಆರ್‌ಸಿಯಲ್ಲಿ ಸ್ವಿಂಗ್‌ಆರ್ಮ್ ಅಂತ ಎಲ್ಲಿ ಬರೆದಿದೆ ಅಂತ ವಾದ ಮಾಡುವವರಿದ್ದಾರೆ. ವೀಲ್‌ಬೇಸ್ ಅಂತ ಬರೆದಿದೆ, ನಿಮ್ಮ ಕಾರ್ಡ್ ತೆಗೆದು ನೋಡಿ. ಇಂಥ ಬದಲಾವಣೆಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಂಡದ ಕಥೆ ಬಿಡಿ, ಅಪಘಾತ ಆಗಿ ಇನ್ಶೂರೆನ್ಸಿನವರು ಬಂದು ನೋಡಿದರೆ ಅವರಿಗೆ ನೆಪ ಹುಡುಕುವ ಕಷ್ಟವೂ ಇರಲ್ಲ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಈ ಬೈಕು ಹೇಗೆ ಓಡುತ್ತೆ ಅಂತ ನೋಡುವ ಆಸೆ ಗೆಳೆಯನಿಗೂ ಇದೆ. ಟ್ರ್ಯಾಕಿಗೆ ಮಾತ್ರ ಅಂತ ತೀರ್ಮಾನ ಮಾಡಿಕೊಂಡಿದ್ದಾನೆ.

ಓಡಿಸಿದರೆ ವ್ಯತ್ಯಾಸ ಗೊತ್ತಾಗುತ್ತಾ? ನಾನು ಓಡಿಸಿದೆ. ವೇಗ ಒಂದು ಚೂರೂ ಜಾಸ್ತಿ ಆಗಿಲ್ಲ. ಹಿಂಭಾಗ ತೂಕ ಏರಿದ್ದು ಉಬ್ಬುತಗ್ಗಿನಲ್ಲಿ ಗೊತ್ತಾಗುತ್ತೆ. ತೋಳು, ಚಕ್ರದ ತೂಕ ಸ್ಪ್ರಿಂಗಿನ ಕೆಳಗಿನದು, ಅದು ಜಾಸ್ತಿ ಆದಷ್ಟೂ ಶಾಕ್‌ಗೆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯೋದು ಕಷ್ಟ. ಬೈಕು ಪೂರ್ತಿ ಬಾಗಿದಾಗ ಇನ್ನೊಂದು ವಿಷಯ ಇದೆ. ಆಗ ರಸ್ತೆಯ ಉಬ್ಬುಗಳು ಚಕ್ರವನ್ನು ಪಕ್ಕಕ್ಕೆ ತಳ್ಳುತ್ತವೆ, ಶಾಕ್ ಅದನ್ನು ನುಂಗಲಾರದು. ತೋಳೇ ಪಕ್ಕಕ್ಕೆ ಒಂದು ಚೂರು ಬಾಗಿ ನುಂಗಬೇಕು. ತಿರುಚುವಿಕೆಗೆ ಗಟ್ಟಿ, ಪಕ್ಕಕ್ಕೆ ಮೆದು, ಎರಡೂ ಬೇಕು ಅಂದರೆ ಎರಡು ಕವಲಿನ ತೋಳಿನಲ್ಲಿ ಮಾಡೋದು ಸುಲಭ. ಮೊಟೊಜಿಪಿ ಬೈಕುಗಳು ಎರಡು ಕವಲಿನವೇ ಆಗಿರೋದು ಇದಕ್ಕೇ. 2025ರ ಪ್ಯಾನಿಗಾಲೆ ವಿ4ನಲ್ಲಿ ಡುಕಾಟಿಯೂ ಒಂಟಿ ತೋಳು ಬಿಟ್ಟಿತು.

ಡುಕಾಟಿ ಹಿಂದೊಮ್ಮೆಯೂ ಬಿಟ್ಟಿತ್ತು. 2003ರ 999ಗೆ ಎರಡು ಕವಲು ಹಾಕಿದಾಗ 916 ನೋಡಿ ಬೆಳೆದ ಜನ ಮುಖ ಸಿಂಡರಿಸಿದರು. 2007ರ 1098ಗೆ ಒಂಟಿ ತೋಳು ವಾಪಸ್ ಬಂತು. ಅಂದಕ್ಕೆ ಅಷ್ಟು ಬೆಲೆ ಇದೆ, ನಾನು ಅದನ್ನು ತಪ್ಪು ಅನ್ನಲ್ಲ. ಗೆಳೆಯನಿಗೂ ಬೇಕಾದ್ದು ಅದೇ. ಅಂದಕ್ಕಾಗಿ ಮಾಡಿದೆ ಅಂತ ಒಪ್ಪಿಕೊಂಡರೆ ಖರ್ಚಿನ ಬಗ್ಗೆ ಮನೆಯಲ್ಲಿ ಜಗಳ ಒಂದೇ ಸಲ. ಪರ್ಫಾರ್ಮೆನ್ಸ್‌ಗಾಗಿ ಅಂತ ಹೇಳಿಬಿಟ್ಟರೆ ಪ್ರತಿ ಲ್ಯಾಪಿಗೂ ಲೆಕ್ಕ ಕೊಡಬೇಕು.

ಅಂದಹಾಗೆ ಬೈಕಿನ ಹಿಂಭಾಗ ಎತ್ತಿ ನಿಲ್ಲಿಸುವ ಹಳೇ ಪ್ಯಾಡಾಕ್ ಸ್ಟ್ಯಾಂಡ್ ಇದಕ್ಕೆ ಆಗಲ್ಲ. ಎರಡೂ ಕಡೆ ಎತ್ತಿ ಹಿಡಿಯೋಕೆ ಇಲ್ಲಿ ಎರಡು ಕಡೆ ಇಲ್ಲ. ಟೊಳ್ಳು ಎಕ್ಸಲ್ ಒಳಗೆ ಪಿನ್ ತೂರಿಸಿ ಎತ್ತುವ ಸ್ಟ್ಯಾಂಡ್ ಬೇರೆಯೇ ಬೇಕು. ಸೈಲೆನ್ಸರ್ ಚಕ್ರ ಹೊರಬರುವ ಕಡೆಯಲ್ಲೇ ಇದ್ದರೆ ಅದನ್ನೂ ಮೇಲಕ್ಕೋ ಆಚೆಗೋ ಸಾಗಿಸಬೇಕು. ಇಲ್ಲದಿದ್ದರೆ ತೋರಿಸಿಕೊಳ್ಳೋಕೂ ಇಲ್ಲ, ಬಿಚ್ಚೋಕೂ ಇಲ್ಲ.

ಮದ್ದೂರಿನಿಂದ ಮುಂದೆ ಹೋದ ಆ ಸಲ ಟ್ರ್ಯಾಕಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಹಿಂದಿನ ಟಯರ್ ಮುಗಿದಿತ್ತು. ಗೆಳೆಯ ಇದಕ್ಕೇ ಕಾಯುತ್ತಿದ್ದವನ ಹಾಗೆ ಎದ್ದ. ಸ್ಟ್ಯಾಂಡ್ ತೂರಿಸಿದ, ನಟ್‌ಗಳನ್ನು ಬಿಚ್ಚಿದ. ಚೈನ್ ಮುಟ್ಟಲಿಲ್ಲ, ಬ್ರೇಕ್ ಮುಟ್ಟಲಿಲ್ಲ, ಎರಡು ನಿಮಿಷದಲ್ಲಿ ಚಕ್ರ ಕೈಯಲ್ಲಿತ್ತು. ಸುತ್ತ ನಾಲ್ಕು ಜನ ಫೋನ್ ಹಿಡಿದು ನಿಂತಿದ್ದರು. ಚಕ್ರ ಹೆಗಲ ಮೇಲಿಟ್ಟುಕೊಂಡು ಟಯರ್ ಹಾಕುವವನ ಹತ್ತಿರ ಹೋದೆವು. ಅಲ್ಲಿ ಮುಕ್ಕಾಲು ಗಂಟೆ ಕ್ಯೂ ಇತ್ತು.